ಹಕ್ಕಿ ಹೋಯಿತು, ದುಂಬಿ ಉಳಿಯಿತು

ಹೋದ ವಾರ ಹೊಲಿಗೆ ಯಂತ್ರದ ದಾರ ಯಾಕೆ ಪದೇ ಪದೇ ತುಂಡಾಗುತ್ತದೆ ಎಂದು ಬರೆದಿದ್ದೆ. ಈ ವಾರದ್ದು ನಮ್ಮ ಮನೆಯಲ್ಲೇ ನಡೆದ ಸಂಗತಿ. ನಾನು ಬಸ್ ಡಿಪೋದಲ್ಲಿ 34 ವರ್ಷ ಸ್ಪ್ಯಾನರ್ ಹಿಡಿದವನು ಎಂದು ನಿಮಗೆ ಗೊತ್ತಲ್ಲ? ಆ ಹೆಮ್ಮೆಯಿಂದಲೇ ಈ ಸಲ ಎಡವಿದೆ. ಅದನ್ನೂ ಬಚ್ಚಿಡದೆ ಹೇಳುತ್ತೇನೆ.

ನಮ್ಮೂರು ಮುಳಬಾಗಿಲಿನ ಕಡೆ. ಸುತ್ತಮುತ್ತ ಟೊಮೇಟೊ ತೋಟಗಳು. ಎರಡು ವರ್ಷದ ಹಿಂದೆ ನನ್ನ ಮಗ ಸಾಲ ಮಾಡಿ ಒಂದು ಹಳೆಯ ಪಿಕಪ್ ಗಾಡಿ ಕೊಂಡ. ಊರಿನ ರೈತರ ಟೊಮೇಟೊ ಕ್ರೇಟುಗಳನ್ನು ಕೋಲಾರದ ಮಾರುಕಟ್ಟೆಗೆ ಹಾಕುತ್ತಾನೆ. ಒಮ್ಮೊಮ್ಮೆ ಚೆನ್ನೈಗೂ ಹೋಗುತ್ತಾನೆ. ಚೆನ್ನೈಗೆ ಹೋಗಬೇಕಾದರೆ ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯಬೇಕು. ಲೋಡು ತುಂಬಿಕೊಂಡು, ರಾತ್ರಿ ಹೊತ್ತು. ಅವನು ಹೋದ ರಾತ್ರಿ ಅವನ ಅಮ್ಮ ಸರಿಯಾಗಿ ನಿದ್ದೆ ಮಾಡುವುದಿಲ್ಲ.

ಬೇಸಿಗೆ ರಜೆಯ ಒಂದು ಶನಿವಾರ ಸಂಜೆ. ಗಾಡಿ ಅಂಗಳಕ್ಕೆ ಬಂದು ನಿಂತಿತು. ಮೊಮ್ಮಗಳು ಪುಟ್ಟಿ, ಐದನೇ ತರಗತಿ ಮುಗಿಸಿದವಳು, ಕುಂಟೆಬಿಲ್ಲೆ ಆಡುತ್ತಿದ್ದಳು. ಆಟ ಬಿಟ್ಟು ಓಡಿಬಂದು, “ತಾತ, ನಮ್ಮ ಗಾಡಿ ಹಿಂದೆ ಒಂದು ಹಕ್ಕಿ ಕೂತಿದೆ. ಚಿಂವ್ ಚಿಂವ್ ಅಂತಿದೆ. ಅದರ ಜೊತೆ ಒಂದು ದುಂಬಿಯೂ ಇದೆ” ಎಂದಳು.

ನನಗೆ ಹಕ್ಕಿಯೂ ಕೇಳಿರಲಿಲ್ಲ, ದುಂಬಿಯೂ ಕೇಳಿರಲಿಲ್ಲ. ಮಗನನ್ನು ಕೇಳಿದೆ. “ಏನೂ ಇಲ್ಲಪ್ಪ. ಹಳೇ ಗಾಡಿ, ಏನೋ ಒಂದು ಸದ್ದು ಇದ್ದೇ ಇರುತ್ತೆ” ಎಂದ. ಅವನು ಗಾಡಿಯಲ್ಲಿ ಸದಾ ಜೋರಾಗಿ ಹಾಡು ಹಾಕಿಕೊಳ್ಳುತ್ತಾನೆ. ಹಾಡು ಜೋರಾದಷ್ಟೂ ಗಾಡಿ ಸರಿಯಾಗಿದೆ ಎಂದೇ ಅನಿಸುತ್ತದೆ. ಭಾನುವಾರ ರಾತ್ರಿ ಚೆನ್ನೈ ಲೋಡಿತ್ತು. ಬೆಳಿಗ್ಗೆ ಒಮ್ಮೆ ನೋಡೋಣ ಎಂದು ಮಲಗಿದೆವು.

ಗಾಡಿಯ ಸದ್ದಿನ ಬಗ್ಗೆ ನನಗೆ ಮೊದಲು ಪಾಠ ಹೇಳಿದವರು ನಮ್ಮಪ್ಪ. ಅವರದು ಎತ್ತಿನ ಗಾಡಿ. ಹಿರಿಯರಿಗೆ ನೆನಪಿದ್ದೀತು, ಗಾಡಿಯ ಅಡಿಯಲ್ಲಿ ಬಂಡಿಯ ಬದಲು ನೆತ್ತಿಯಿಂದ ಕೊರಳೆತ್ತಿ ಕೂಗುವ ಹಾಗೆ ಅಚ್ಚು ಕಿರ್ರೋ ಎನ್ನುತ್ತಿತ್ತು. ಆಗ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಕೀಲೆಣ್ಣೆ ಮಾಡಿ, ಚಕ್ರ ಬಿಚ್ಚಿ ಅಚ್ಚಿಗೆ ಸವರುತ್ತಿದ್ದರು. ಕತ್ತಲಲ್ಲಿ ದೂರದಿಂದ ಬರುವ ಗಾಡಿ ಯಾರದು ಎಂದು ಅಪ್ಪ ಸದ್ದಿನಿಂದಲೇ ಹೇಳಿಬಿಡುತ್ತಿದ್ದರು. “ಗಾಡಿ ಬಾಯಿ ಬಿಟ್ಟು ಹೇಳ್ತದೆ ಕಣೋ, ನಾವು ಕೇಳಬೇಕು ಅಷ್ಟೆ” ಎನ್ನುತ್ತಿದ್ದರು.

ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಚಕ್ರಗಳು ಮಾತ್ರ ಅದರ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ. ಪಿಕಪ್ಪಿನ ಹಿಂದಿನ ಅಚ್ಚು, ಅಂದರೆ ಆಕ್ಸಲ್, ಹಾಗಲ್ಲ. ಇಂಜಿನ್ ಮುಂದೆ ಇದೆ, ಗಾಡಿಯನ್ನು ತಳ್ಳುವ ಚಕ್ರಗಳು ಹಿಂದೆ ಇವೆ. ಇಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವುದು ಗಾಡಿಯ ಅಡಿಯಲ್ಲಿ ಉದ್ದಕ್ಕೆ ಮಲಗಿರುವ ಒಂದು ಕೊಳವೆ. ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಗಾಡಿ ಕುಲುಕಿದಾಗ ಆ ಶಾಫ್ಟ್ ಮೇಲೆ ಕೆಳಗೆ ಬಾಗಬೇಕಲ್ಲ? ಅದಕ್ಕಾಗಿ ತುದಿಗಳಲ್ಲಿ ನಮ್ಮ ಮಣಿಕಟ್ಟಿನಂಥ ಕೀಲು ಇದೆ. ನೋಡಲು ಕೂಡಿಸುವ ಗುರುತಿನ ಹಾಗೆ ಇರುವುದರಿಂದ ಗ್ಯಾರೇಜಿನಲ್ಲಿ ಅದಕ್ಕೆ ‘ಕ್ರಾಸ್’ ಎಂದೇ ಹೆಸರು. ಶಾಫ್ಟ್ ಹೋಗಿ ಸೇರುವುದು ಆಕ್ಸಲಿನ ನಡುವಿನ ಕುಂಬಳಕಾಯಿಯಂಥ ಉಬ್ಬಿಗೆ. ಅದೇ ಡಿಫರೆನ್ಶಿಯಲ್. ಅದರೊಳಗಿನ ಹಲ್ಲುಚಕ್ರಗಳಿಂದ ಬಲ ಎರಡು ಪಾಲಾಗಿ ಎಡಕ್ಕೂ ಬಲಕ್ಕೂ ಹೋಗುತ್ತದೆ. ಕೊನೆಗೆ ಪ್ರತಿ ಚಕ್ರದ ಬಳಿ ಒಂದೊಂದು ಬೇರಿಂಗ್. ಗಾಡಿಯ ಹಿಂಭಾಗದ ತೂಕವೆಲ್ಲ ಕೂರುವುದು ಈ ಬೇರಿಂಗುಗಳ ಮೇಲೆ.

ಅಂದರೆ ಹಿಂದಿನಿಂದ ಸದ್ದು ಬಂತು ಎಂದರೆ ಅಪರಾಧಿಗಳು ಒಬ್ಬಿಬ್ಬರಲ್ಲ. ಕ್ರಾಸ್ ಇರಬಹುದು, ಹಲ್ಲುಚಕ್ರ ಇರಬಹುದು, ಬೇರಿಂಗ್ ಇರಬಹುದು, ಬ್ರೇಕಿನ ಲೈನರ್ ಇರಬಹುದು, ಕಮಾನುಪಟ್ಟಿ ಸಡಿಲವಾಗಿರಬಹುದು, ಬರೀ ಟೈರೂ ಇರಬಹುದು. ಊಹೆ ಮಾಡಿ ಒಂದೊಂದನ್ನೇ ಬದಲಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ಸದ್ದು ಹಾಗೇ ಇರುತ್ತದೆ.

ಭಾನುವಾರ ಬೆಳಿಗ್ಗೆ ಮೊದಲು ಹಕ್ಕಿಯನ್ನು ಹಿಡಿಯಲು ಹೊರಟೆವು. ಶಾಲೆಯ ಮುಂದಿನ ಖಾಲಿ ಬಯಲಿಗೆ ಗಾಡಿ ತಂದೆವು. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಮಗ ಮೊದಲನೇ ಗೇರಿನಲ್ಲಿ, ನಾವು ನಡೆಯುವಷ್ಟೇ ನಿಧಾನವಾಗಿ ಓಡಿಸಿದ. ನಾನೂ ಪುಟ್ಟಿಯೂ ಹತ್ತು ಅಡಿ ದೂರದಲ್ಲಿ ಪಕ್ಕದಲ್ಲೇ ನಡೆದೆವು. ನನ್ನ ಕೆಲಸ ಗೆರೆ ನೋಡುವುದು. ಅದು ಒಂದು ಸುತ್ತು ಮುಗಿಸಿದಾಗಲೆಲ್ಲ “ಒಂದು” ಎನ್ನುವುದು. ಪುಟ್ಟಿಯ ಕೆಲಸ, ನನ್ನ ಒಂದು “ಒಂದು”ವಿನಿಂದ ಇನ್ನೊಂದು “ಒಂದು”ವಿನೊಳಗೆ ಹಕ್ಕಿ ಎಷ್ಟು ಸಲ ಕೂಗಿತು ಎಂದು ಎಣಿಸುವುದು.

“ನಾಲ್ಕು, ತಾತ. ಪ್ರತಿ ಸಲವೂ ನಾಲ್ಕು.”

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹಕ್ಕಿ ಚಕ್ರದಲ್ಲೇ ಕೂತಿದ್ದರೆ ಚಕ್ರದ ಒಂದು ಸುತ್ತಿಗೆ ಒಂದೇ ಸಲ ಕೂಗಬೇಕಿತ್ತು. ಇಂಥ ಪಿಕಪ್ಪುಗಳಲ್ಲಿ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕು ಸುತ್ತು ತಿರುಗಿರುತ್ತದೆ. ಡಿಫರೆನ್ಶಿಯಲಿನೊಳಗೆ ಚಿಕ್ಕ ಹಲ್ಲುಚಕ್ರ ದೊಡ್ಡದನ್ನು ತಿರುಗಿಸುವುದರಿಂದ ಹೀಗಾಗುತ್ತದೆ. ವೇಗ ಕಡಿಮೆಯಾಗಿ ಬಲ ಹೆಚ್ಚುತ್ತದೆ. ಒಂದು ಸುತ್ತಿಗೆ ನಾಲ್ಕು ಕೂಗು ಎಂದರೆ ಹಕ್ಕಿಯ ಗೂಡು ಚಕ್ರದಲ್ಲಿಲ್ಲ, ಶಾಫ್ಟಿನಲ್ಲಿದೆ. ಪಾನಾ ಮುಟ್ಟದೆ, ಬರೀ ಎಣಿಸಿ ಗೂಡು ಪತ್ತೆಯಾಯಿತು!

ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ನಾನು ಕೆಳಗೆ ತೂರಿದೆ. ಹಿಂದಿನ ಕ್ರಾಸಿನ ಬಟ್ಟಲಿನ ಸುತ್ತ ಇಟ್ಟಿಗೆ ಪುಡಿಯಂಥ ಕೆಂಪು ಹುಡಿ. ಗ್ರೀಸ್ ಒಣಗಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ತುಕ್ಕು ಉದುರಿದ ಗುರುತು ಅದು. ಗ್ರೀಸ್ ಗನ್ನು ತಂದು ಹೊಸ ಗ್ರೀಸ್ ಅಂಚಿನಿಂದ ಹೊರಗೆ ಇಣುಕುವವರೆಗೂ ಒತ್ತಿದೆ. ಮಗ ಮತ್ತೆ ಓಡಿಸಿದ. ಪುಟ್ಟಿ ಕಿವಿಗೊಟ್ಟಳು. ಹಕ್ಕಿ ಇಲ್ಲ!

ಮಗನಿಗೆ ಖುಷಿಯೋ ಖುಷಿ. “ನೋಡು, ನಾನು ಹೇಳಲಿಲ್ವಾ, ಸಣ್ಣದು ಅಂತ. ಮಧ್ಯಾಹ್ನ ಲೋಡಿಂಗಿಗೆ ಹೋಗ್ತೀನಿ” ಎಂದ. ನಾನೂ ಕೈ ಒರೆಸಿಕೊಳ್ಳುತ್ತಾ, “ಆಯ್ತು, ಹೊರಡು. ಬಂದ ಮೇಲೆ ಕ್ರಾಸ್ ಹೊಸದು ಹಾಕಿಸು” ಎಂದೆ.

ಪುಟ್ಟಿ ಮಾತ್ರ ನಿಂತಲ್ಲೇ ನಿಂತಿದ್ದಳು. “ತಾತ, ಹಕ್ಕಿ ಹೋಯ್ತು. ದುಂಬಿ ಇನ್ನೂ ಇದೆ.”

“ಅದು ಡೀಸೆಲ್ ಇಂಜಿನ್ ಸದ್ದು ಕಣಮ್ಮ.”

“ಅಲ್ಲ. ಇಂಜಿನ್ ಮುಂದೆ ಇದೆ. ಇದು ಹಿಂದೆ.”

ನನಗೆ ಸಿಟ್ಟು ಬಂತು. ಬಿಸಿಲು ಏರುತ್ತಿತ್ತು, ಬೆನ್ನು ನೋಯುತ್ತಿತ್ತು. “34 ವರ್ಷ ಬಸ್ಸುಗಳ ಅಡಿಯಲ್ಲಿ ಮಲಗಿದವನು ನಾನು. ನನಗೆ ಹೇಳಿಕೊಡ್ತೀಯಾ?” ಎಂದುಬಿಟ್ಟೆ.

ಅವಳು ಅಳಲಿಲ್ಲ, ಎದುರಾಡಲೂ ಇಲ್ಲ. ಕಾಲಿನ ಹೆಬ್ಬೆರಳಿಂದ ಮಣ್ಣು ಕೆದಕುತ್ತಾ ಮೆಲ್ಲಗೆ ಕೇಳಿದಳು. “ತಾತ, ನಿನಗೆ ಹಕ್ಕಿ ಕೇಳಿಸ್ತಿತ್ತಾ?”

ಮಕ್ಕಳೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಕ್ಕಿ ಕೂಗಿದ್ದು ನಿಜ, ಅದಕ್ಕೆ ಕೆಂಪು ಹುಡಿಯೇ ಸಾಕ್ಷಿ. ಗೂಡು ಹುಡುಕಿದವನು ನಾನೇ. ಆದರೆ ಅದರ ಒಂದು ಚಿಂವ್ ಕೂಡ ನನ್ನ ಕಿವಿಗೆ ಬಿದ್ದಿರಲಿಲ್ಲ.

ಎಳೆಯ ಕಿವಿಗೆ ಸೆಕೆಂಡಿಗೆ 20 ಸಲ ಕಂಪಿಸುವ ಸದ್ದಿನಿಂದ ಹಿಡಿದು ಸುಮಾರು 20,000 ಸಲ ಕಂಪಿಸುವ ಸದ್ದಿನವರೆಗೆ ಕೇಳಿಸುತ್ತದೆ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ತೆಳ್ಳಗಿನ, ಎತ್ತರದ ಸದ್ದುಗಳು. ಹಕ್ಕಿಯ ಕೂಗು ಅಂಥದ್ದು. ಇನ್ನೊಂದು ತೊಂದರೆಯೂ ಇದೆ. ಸುತ್ತ ಗಲಾಟೆ ಇದ್ದಾಗ ಅದರೊಳಗಿಂದ ಒಂದೇ ಸದ್ದನ್ನು ಹೆಕ್ಕಿ ತೆಗೆಯುವುದು ಹಳೆಯ ಕಿವಿಗೆ ಕಷ್ಟ. ಮದುವೆ ಮನೆಯಲ್ಲಿ ಅಜ್ಜ-ಅಜ್ಜಿಯರು ಎಲ್ಲದಕ್ಕೂ “ಹ್ಞೂ, ಹ್ಞೂ” ಎಂದು ತಲೆಯಾಡಿಸುವುದು ಇದಕ್ಕೇ. ಬಸ್ಸುಗಳ ಸದ್ದಿನಲ್ಲಿ ಅಷ್ಟು ವರ್ಷ ಕಳೆದ ನನ್ನ ಕಿವಿ ಇನ್ನೂ ಬೇಗ ಸವೆದಿತ್ತು. ಹಿಂದಿನ ವರ್ಷವೇ ಡಾಕ್ಟರು ಹೇಳಿ, ಕಿವಿಗೆ ಹಾಕುವ ಮೆಷಿನ್ ಕೊಡಿಸಿದ್ದರು. ಅದನ್ನು ಬೀರುವಿನಲ್ಲಿ, ಪಂಚೆಗಳ ಕೆಳಗೆ ಇಟ್ಟಿದ್ದೆ. ಮೆಕ್ಯಾನಿಕ್ಕಿಗೆ ಕಿವಿ ಕೇಳಿಸುವುದಿಲ್ಲ ಎಂದು ಊರಿಗೆಲ್ಲ ಯಾಕೆ ಸಾರಬೇಕು, ಅಲ್ಲವೇ?

“ಹತ್ತು ಗಾಡಿ” ಎಂದೆ ಪುಟ್ಟಿಗೆ. “ದುಂಬಿಯನ್ನು ಕೇಳೋಣ.”

ಮಗ ಗಡಿಯಾರ ನೋಡಿಕೊಂಡ. ಆದರೂ ಓಡಿಸಿದ. ಹಾಡು ಬಂದ್, ಕಿಟಕಿಗಳು ತೆರೆದವು. ನಡುವೆ ಪುಟ್ಟಿ, ಬಾಗಿಲ ಬಳಿ ನಾನು. ಸದ್ದಿಗೆ ನಾಲ್ಕು ಪ್ರಶ್ನೆ ಕೇಳಿದೆವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡು ಬದಲಿಸಿದರೆ ಉತ್ತರ ಕಲಸಿಹೋಗುತ್ತದೆ.

ಮೊದಲನೇ ಪ್ರಶ್ನೆ: ವೇಗ ಹೆಚ್ಚಿದರೆ ಏನಾಗುತ್ತೀಯ? ಪುಟ್ಟಿ ಹೇಳಿದಳು, “ಇಪ್ಪತ್ತರಲ್ಲಿ ಇಲ್ಲ. ಮೂವತ್ತರಲ್ಲಿ ಗುಂಯ್. ನಲವತ್ತೈದರಲ್ಲಿ ಇನ್ನೂ ಜೋರು.” ಅಂದರೆ ತಿರುಗುವ ಯಾವುದೋ ವಸ್ತುವಿನದೇ ಸದ್ದು. ಕಮಾನುಪಟ್ಟಿಯೋ ಅದರ ಬುಷ್ಷೋ ಆಗಿದ್ದರೆ ವೇಗ ಎಷ್ಟೇ ಇರಲಿ, ಗುಂಡಿಗೆ ಬಿದ್ದಾಗ ಮಾತ್ರ ಕಿರುಗುಟ್ಟುತ್ತಿತ್ತು.

ಎರಡನೇ ಪ್ರಶ್ನೆ: ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಏನಾಗುತ್ತೀಯ? ಡಿಫರೆನ್ಶಿಯಲಿನ ಹಲ್ಲು ಸವೆದಿದ್ದರೆ, ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ. ಏಕೆಂದರೆ ಒತ್ತಿದಾಗ ಹಲ್ಲಿನ ಒಂದು ಮಗ್ಗುಲು ತಿಕ್ಕುತ್ತದೆ, ಬಿಟ್ಟಾಗ ಇನ್ನೊಂದು ಮಗ್ಗುಲು. ಮಗ ಕಾಲು ತೆಗೆದ. “ಹಾಗೇ ಇದೆ” ಎಂದಳು ಪುಟ್ಟಿ. ಹಲ್ಲುಚಕ್ರದ ಮೇಲಿನ ಅನುಮಾನ ಕಡಿಮೆಯಾಯಿತು. ಒಳ್ಳೆಯದೇ ಆಯಿತು, ಅದರ ರಿಪೇರಿ ಖರ್ಚು ಕೇಳಿದರೆ ತಲೆ ತಿರುಗುತ್ತದೆ.

ಮೂರನೇ ಪ್ರಶ್ನೆ: ರಸ್ತೆ ಬದಲಾದರೆ ಏನಾಗುತ್ತೀಯ? ಟೈರ್ ಏರುಪೇರಾಗಿ ಸವೆದರೂ ಇದೇ ರೀತಿ ಗುಂಯ್ ಎನ್ನುತ್ತದೆ. ಆದರೆ ಟಾರು ರಸ್ತೆಯಿಂದ ಕಾಂಕ್ರೀಟಿಗೆ ಬಂದಾಗ ಟೈರಿನ ಸದ್ದು ಬದಲಾಗುತ್ತದೆ. ನಮ್ಮೂರೊಳಗೆ ಕಾಂಕ್ರೀಟು, ಊರ ಹೊರಗೆ ಟಾರು. ಎರಡರಲ್ಲೂ ದುಂಬಿಯದು ಒಂದೇ ರಾಗ.

ನಾಲ್ಕನೇ ಪ್ರಶ್ನೆ: ಎಡಕ್ಕೆ ಬಲಕ್ಕೆ ವಾಲಿದರೆ ಏನಾಗುತ್ತೀಯ? ಬಸ್ಸು ಎಡಕ್ಕೆ ತಿರುಗಿದಾಗ ನೀವು ಬಲಕ್ಕೆ ವಾಲುತ್ತೀರಲ್ಲ? ಗಾಡಿಯ ತೂಕವೂ ಹಾಗೇ ವಾಲುತ್ತದೆ. ಎಡಕ್ಕೆ ತಿರುಗಿದರೆ ಬಲಗಡೆಯ ಚಕ್ರಗಳ ಮೇಲೆ ಭಾರ ಹೆಚ್ಚು. ವಾಹನವೇ ಇಲ್ಲದ ಬಡಾವಣೆಯ ಅಗಲ ರಸ್ತೆಯಲ್ಲಿ ಮಗ ಹಾವು ಹರಿದಂತೆ ನಿಧಾನವಾಗಿ ಅತ್ತ ಇತ್ತ ತಿರುಗಿಸಿದ. ಪುಟ್ಟಿ ಕಣ್ಣು ಮುಚ್ಚಿಕೊಂಡಳು. “ಈಗ ಜೋರು... ಈಗ ಕಡಿಮೆ... ಈಗ ಮತ್ತೆ ಜೋರು.” ಅವಳು ಜೋರು ಎಂದಾಗಲೆಲ್ಲ ಸ್ಟೀರಿಂಗು ಎಡಕ್ಕೆ ತಿರುಗಿತ್ತು.

ನನ್ನ ಎದೆ ಧಸಕ್ಕೆಂದಿತು. ಬಲಗಡೆಯ ಹಿಂದಿನ ಚಕ್ರದ ಬೇರಿಂಗ್. ಜೋರಾಗಿ ಕೂಗುತ್ತಿದ್ದ ಹಕ್ಕಿ ಬರೀ ಗ್ರೀಸ್ ಕೇಳುತ್ತಿತ್ತು. ಮೆತ್ತಗೆ ಗುನುಗುತ್ತಿದ್ದ ದುಂಬಿ ಗಾಡಿಯ ಚಕ್ರವನ್ನೇ ಕೇಳುತ್ತಿತ್ತು. ಬೇರಿಂಗ್ ಪೂರ್ತಿ ಕೆಟ್ಟರೆ ಕಾದು ಹಿಡಿದುಕೊಳ್ಳಬಹುದು, ಒಡೆದು ಚಕ್ರ ಓಲಾಡಬಹುದು, ಚಕ್ರವೇ ಕಳಚಿಕೊಳ್ಳಲೂಬಹುದು. ಅದೂ ಲೋಡಿನೊಂದಿಗೆ ಮೊಗಿಲಿ ಘಾಟಿಯಲ್ಲಿ! ಅರ್ಧ ಗಂಟೆ ಮುಂಚೆ ನಾನೇ “ಹೊರಡು” ಎಂದಿದ್ದೆ.

ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ? ಅಂಗಳದ ಸಮ ನೆಲದಲ್ಲಿ ಗಾಡಿ ನಿಲ್ಲಿಸಿದೆವು. ಇದನ್ನು ಮಕ್ಕಳು ಒಬ್ಬರೇ ಎಂದೂ ಮಾಡಬಾರದು. ದೊಡ್ಡವರೂ ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬಾರದು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಚಕ್ರ ಎತ್ತಿದ ಮೇಲೆ ಅದರಿಂದ ಉಪಯೋಗವಿಲ್ಲ. ಆದ್ದರಿಂದ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಟ್ಟೆವು. ಜಾಕ್ ಎತ್ತಿ, ಆಕ್ಸಲಿನ ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟೆವು. ಇಂಜಿನ್ ಬಂದ್, ಕೀಲಿ ನನ್ನ ಜೇಬಿನಲ್ಲಿ.

ಗಾಡಿ ಗೇರಿನಲ್ಲಿತ್ತು. ಪುಟ್ಟಿ ಬಲಗಡೆಯ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದಳು. ಎಡಗಡೆಯದು ತಾನಾಗಿ ಹಿಂದಕ್ಕೆ ತಿರುಗಿತು! “ಅಯ್ಯೋ, ಇದೇನು ತಾತ ಉಲ್ಟಾ?” ಎಂದಳು. ಅದೇ ಡಿಫರೆನ್ಶಿಯಲಿನ ಜಾಣತನ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ನೀವು ಕೈಕೈ ಹಿಡಿದು ಸಾಲಾಗಿ ನಿಂತು ಗಾಣದೆತ್ತಿನಂತೆ ಸುತ್ತಿದರೆ ಹೊರತುದಿಯವನು ಓಡಬೇಕು, ಒಳತುದಿಯವನು ನಿಂತಲ್ಲೇ ತಿರುಗಿದರೆ ಸಾಕು, ಅಲ್ಲವೇ? ಎರಡು ಚಕ್ರಕ್ಕೂ ಬಲ ಕೊಟ್ಟು, ಆದರೆ ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಈ ಉಪಾಯಕ್ಕೆ 1820ರ ದಶಕದಲ್ಲೇ ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ ಪೇಟೆಂಟ್ ಪಡೆದಿದ್ದ. ಅವನು ಗಡಿಯಾರದ ಕೆಲಸ ಬಲ್ಲವನು, ಮಾಡಿದ್ದು ಉಗಿಗಾಡಿಗಾಗಿ. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಈ ಪುಟ್ಟ ಹಲ್ಲುಚಕ್ರಗಳನ್ನು ನೋಡಬೇಕು.

ಆಮೇಲೆ ಗಾಡಿಯನ್ನು ನ್ಯೂಟ್ರಲಿಗೆ ಹಾಕಿದೆವು. ನಾನು ಎಡಚಕ್ರವನ್ನು ಸುತ್ತಿಸಿದೆ. ಪುಟ್ಟಿ ಚಕ್ರಕ್ಕೆ ಕೈ ತಾಗದಂತೆ, ಅದರ ಹಿಂದಿರುವ ಕಮಾನುಪಟ್ಟಿಯ ಮೇಲೆ ಅಂಗೈ ಇಟ್ಟಳು. “ನುಣ್ಣಗಿದೆ” ಎಂದಳು. ಬಲಗಡೆ ಬಂದೆವು. ಕೈ ಇಟ್ಟ ತಕ್ಷಣ ಮುಖ ಸಿಂಡರಿಸಿದಳು. “ಅನ್ನದಲ್ಲಿ ಮರಳು ಸಿಕ್ಕ ಹಾಗಿದೆ ತಾತ.” ನಾನೂ ಕೈ ಇಟ್ಟೆ. ಕಿವಿಗೆ ಕೇಳದ್ದು ಅಂಗೈಗೆ ಕೇಳಿಸಿತು. ಗೊರಗೊರ, ಗೊರಗೊರ. ಚಕ್ರದ ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಸಡಿಲ ಹಲ್ಲಿನ ಹಾಗೆ ಲೊಟಕ್ ಎಂದಿತು.

ನನ್ನ ಉದ್ದನೆಯ ಸ್ಕ್ರೂಡ್ರೈವರ್ ತಂದು ತುದಿಯನ್ನು ಆಕ್ಸಲಿನ ತಿರುಗದ ಭಾಗಕ್ಕೆ ಒತ್ತಿ, ಹಿಡಿಯನ್ನು ಪುಟ್ಟಿಯ ಕಿವಿಯ ಮುಂದಿನ ಮೂಳೆಗೆ ತಾಗಿಸಿದೆ. ಇದು ಮೆಕ್ಯಾನಿಕ್ಕಿನ ಸ್ಟೆತಾಸ್ಕೋಪು. ಸದ್ದು ಗಾಳಿಗಿಂತ ಲೋಹದಲ್ಲಿ ಚೆನ್ನಾಗಿ ಸಾಗುತ್ತದೆ. ನಿಜವಾದ ಸ್ಟೆತಾಸ್ಕೋಪಿನ ಕಥೆ ಗೊತ್ತೇ? 1816ರಲ್ಲಿ ಪ್ಯಾರಿಸ್ಸಿನಲ್ಲಿ ಲಾಯೆನೆಕ್ ಎಂಬ ವೈದ್ಯ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಬಡಿತ ಕೇಳಿದ. ಮಕ್ಕಳು ಮರದ ದಿಮ್ಮಿಯ ಒಂದು ತುದಿಯನ್ನು ಗೀಚಿ, ಇನ್ನೊಂದು ತುದಿಗೆ ಕಿವಿಯಿಟ್ಟು ಆಡುತ್ತಿದ್ದದ್ದನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತು ಎಂದು ಹೇಳುತ್ತಾರೆ. ನೋಡಿದಿರಾ, ಅಲ್ಲೂ ಮಕ್ಕಳೇ!

ಮಗ ಇದನ್ನೆಲ್ಲ ಸುಮ್ಮನೆ ನೋಡುತ್ತಾ ನಿಂತಿದ್ದ. ನಾನು ಕೇಳಿದೆ, “ಒಂದು ಟ್ರಿಪ್ಪಿಗೆ ಎಷ್ಟು ಕ್ರೇಟ್ ಹಾಕ್ತೀಯ?”

ಅವನು ಕೂಡಲೇ ಹೇಳಲಿಲ್ಲ. ಆಮೇಲೆ, “ನೂರಿಪ್ಪತ್ತು” ಎಂದ.

ಪುಟ್ಟಿ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿದಳು. ಒಂದು ಕ್ರೇಟಿಗೆ 15 ಕಿಲೋ ಟೊಮೇಟೊ. 120 ಕ್ರೇಟಿಗೆ 1,800 ಕಿಲೋ. ನಮ್ಮ ಗಾಡಿ ಹೊರಬಹುದಾದದ್ದು 1,250 ಕಿಲೋ. “550 ಕಿಲೋ ಜಾಸ್ತಿ!” ಎಂದಳು. “ತಾತ, ನಮ್ಮ ಸೀಮೆ ಹಸುವನ್ನೂ ಅದರ ಕರುವನ್ನೂ ಮೇಲೆ ಹತ್ತಿಸಿಕೊಂಡು ಹೋದ ಹಾಗಾಯ್ತು.” ಕ್ರೇಟುಗಳ ತೂಕ ಬೇರೆ.

ಬೇರಿಂಗಿನ ಲೆಕ್ಕ ನಮ್ಮ ಮಾಮೂಲಿ ಲೆಕ್ಕದಂತಲ್ಲ. ಹೊರೆ ಎರಡರಷ್ಟಾದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಉರುಳೆಗಳಿರುವ ಬೇರಿಂಗಿನ ಆಯುಷ್ಯ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇವತ್ತು ಸ್ವಲ್ಪ ಜಾಸ್ತಿ ಹಾಕಿದೆ, ಏನೂ ಆಗಲಿಲ್ಲ ಎಂದು ನಮಗನಿಸುತ್ತದೆ. ಒಳಗೆ ಬೇರಿಂಗ್ ಎಲ್ಲವನ್ನೂ ಲೆಕ್ಕ ಇಟ್ಟುಕೊಂಡಿರುತ್ತದೆ.

ಮಗನನ್ನು ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ. “ಬಾಡಿಗೆ ಕ್ರೇಟಿನ ಲೆಕ್ಕದಲ್ಲಿ ಬರುತ್ತಪ್ಪ. ಎಂಬತ್ತು ಹಾಕಿದರೆ ಡೀಸೆಲ್, ಕಂತು ಕಳೆದು ಕೈಗೆ ಏನೂ ನಿಲ್ಲಲ್ಲ.” ನಾನು ಬಾಯಿ ಮುಚ್ಚಿದೆ. ಅವನು ಸದ್ದು ಕೇಳಿಯೂ ಹಾಡು ಜೋರು ಮಾಡಿದ್ದು, ನಾನು ಕೇಳದೆಯೂ ಕೇಳಿದವನಂತೆ ಮಾತಾಡಿದ್ದು, ಎರಡರಲ್ಲಿ ಯಾವುದು ಹೆಚ್ಚು ತಪ್ಪು? ನನಗೇ ತಿಳಿಯಲಿಲ್ಲ.

ಆ ರಾತ್ರಿಯ ಲೋಡು ಪಕ್ಕದೂರಿನವರ ಗಾಡಿಯಲ್ಲಿ ಹೋಯಿತು. ಬಾಡಿಗೆಯೂ ಅವರಿಗೇ ಹೋಯಿತು. ಸೋಮವಾರ ಲೋಡಿಲ್ಲದ ಗಾಡಿಯನ್ನು ನಿಧಾನವಾಗಿ ಗ್ಯಾರೇಜಿಗೆ ತಂದೆವು. ಚಕ್ರ ಬಿಚ್ಚಿದರು. ಉರುಳೆಗಳ ಮೈಮೇಲೆ ಸಿಡುಬಿನ ಕಲೆಯಂಥ ಗುಳಿಗಳು. ಒಂದು ಕಡೆ ಕಬ್ಬಿಣ ಕಾದು ನವಿಲುಗರಿಯ ನೀಲಿ ಬಣ್ಣಕ್ಕೆ ತಿರುಗಿತ್ತು. ಆಯಿಲ್ ಸೀಲೂ ಸುಟ್ಟು ಗಟ್ಟಿಯಾಗಿತ್ತು. ಡಿಫರೆನ್ಶಿಯಲಿನ 90 ನಂಬರ್ ಎಣ್ಣೆ ಸೋರಿ ಬ್ರೇಕಿನ ಲೈನರಿಗೆ ತಾಗಲು ಶುರುವಾಗಿತ್ತು. ಅಂದರೆ ಇನ್ನು ಸ್ವಲ್ಪ ದಿನಕ್ಕೆ ಬ್ರೇಕೂ ಜಾರುತ್ತಿತ್ತು. ಎಣ್ಣೆ ಇಳಿಸಿ ನೋಡಿದರು. ಪ್ಲಗ್ಗಿನ ಆಯಸ್ಕಾಂತಕ್ಕೆ ಕಾಡಿಗೆಯಂಥ ನುಣ್ಣನೆಯ ಪುಡಿ ಅಂಟಿತ್ತು. ಅದು ಮಾಮೂಲಿ ಸವೆತ. ಚಕ್ಕೆಗಳು ಸಿಕ್ಕಿದ್ದರೆ ಹಲ್ಲುಚಕ್ರವೂ ಹೋಗಿದೆ ಎಂದು ಅರ್ಥ. ಸಿಗಲಿಲ್ಲ. ಹೊಸ ಬೇರಿಂಗ್, ಹೊಸ ಸೀಲು, ಲೈನರ್, ಹೊಸ ಕ್ರಾಸ್, ಹೊಸ ಎಣ್ಣೆ. ಬೇರಿಂಗಿನ ಹಳೆಯ ಉರುಳೆಯೊಂದನ್ನು ಪುಟ್ಟಿ ಕೇಳಿ ಪಡೆದುಕೊಂಡಳು. ಈಗ ಅದು ಅವಳ ಜಾಮಿಟ್ರಿ ಬಾಕ್ಸಿನಲ್ಲಿದೆ.

ಮಗ ಈಗ 80 ಕ್ರೇಟ್ ಹಾಕುತ್ತಾನೆ. ಕಂತಿಗೆ ಕಷ್ಟವಾಗಿದೆ, ಸುಳ್ಳು ಹೇಳುವುದಿಲ್ಲ. ನನ್ನ ಪಿಂಚಣಿಯಿಂದ ಸ್ವಲ್ಪ ಸೇರಿಸುತ್ತಿದ್ದೇನೆ. ವಾಪಸ್ ಬರುವಾಗ ಗಾಡಿ ಖಾಲಿ ಬಾರದಂತೆ ಏನಾದರೂ ಸಾಮಾನು ಸಿಗುತ್ತದೆಯೇ ಎಂದು ಅವನು ವಿಚಾರಿಸುತ್ತಿದ್ದಾನೆ. ಪ್ರತಿ ಭಾನುವಾರ ಹತ್ತು ನಿಮಿಷ ಹಾಡು ಬಂದ್ ಮಾಡಿ ಗಾಡಿ ಓಡಿಸಬೇಕು ಎಂಬುದು ಪುಟ್ಟಿಯ ಕಾನೂನು.

ಇನ್ನು ನಾನು. ಸೋಮವಾರ ರಾತ್ರಿ ಬೀರುವಿನಿಂದ ಮೆಷಿನ್ ತೆಗೆದು ಕಿವಿಗೆ ಹಾಕಿಕೊಂಡೆ. ಅಬ್ಬಾ! ಅಡುಗೆಮನೆಯಲ್ಲಿ ಲೋಟ ಇಟ್ಟರೂ ಟಣ್, ಕ್ಯಾಲೆಂಡರ್ ಹಾಳೆ ಅಲ್ಲಾಡಿದರೂ ಪರಪರ. ನಮ್ಮ ಮನೆಯಾಕೆ ಒಳಗಿನಿಂದ ಮೆಲ್ಲಗೆ, “ಇಷ್ಟು ದಿನ ಎಷ್ಟು ಹೇಳಿದರೂ ಹಾಕ್ಕೊಂಡಿಲ್ಲ ಈ ಮುದುಕ” ಎಂದಳು.

“ಕೇಳಿಸ್ತು” ಎಂದೆ.

“ಅಯ್ಯೋ ರಾಮ, ಇನ್ನು ಮೇಲೆ ನಾನು ಅಂಗಳಕ್ಕೆ ಹೋಗಿ ಬಯ್ಯಬೇಕು” ಎಂದು ನಕ್ಕಳು.

ಈ ವಾರದ ಕೆಲಸ ಹೀಗಿದೆ. ಮಕ್ಕಳೇ, ಅಜ್ಜನೋ ಅಜ್ಜಿಯೋ ಜೊತೆಗಿರಲಿ. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ. ಮುಂದಿನ ಚಕ್ರವನ್ನು ಮೆಲ್ಲಗೆ ಸುತ್ತಿಸಿ, ಕಡ್ಡಿಗಳಿಗೆ ಬೆರಳು ತಾಗದಂತೆ ಫೋರ್ಕಿನ ಮೇಲೆ ಅಂಗೈ ಇಡಿ. ನುಣ್ಣಗಿದೆಯೇ, ಮರಳು ಸಿಕ್ಕ ಹಾಗಿದೆಯೇ? ಚಕ್ರವನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ. ಲೊಟಕ್ ಎನ್ನುತ್ತದೆಯೇ? ಆಮೇಲೆ ಟೇಬಲ್ಲಿನ ಒಂದು ತುದಿಯಲ್ಲಿ ಗಡಿಯಾರ ಇಟ್ಟು, ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳಿ. ಮೊದಲು ನೀವು, ಆಮೇಲೆ ಅಜ್ಜ-ಅಜ್ಜಿ. ಇಬ್ಬರಿಗೂ ಏನೇನು ಕೇಳಿಸಿತು ಎಂದು ಬರೆದು ಕಳಿಸಿ.

ಅಜ್ಜ-ಅಜ್ಜಿಯರೇ, ನಿಮಗೆ ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದೇ ಬರೆಯಿರಿ. ನಾನೂ ಹಾಗೇ ಬರೆದಿದ್ದೇನೆ.